ಶಸ್ತ್ರಚಿಕಿತ್ಸೆಯಿಲ್ಲದೆ ಕರಗಿದ ಕಲ್ಲು: ನಮ್ಮ ತುಂಗಿಯ ಮೂತ್ರಕೋಶದ ಚಿಕಿತ್ಸೆ

ನಾಯಿ ಮನೆಯೊಳಗೆ ಮೂತ್ರ ಮಾಡಿಕೊಂಡಿತೆಂದರೆ ನೋಡಿದವರೆಲ್ಲ ಮೊದಲು ಹೇಳುವುದು ಅದಕ್ಕೆ ಸರಿಯಾಗಿ ಅಭ್ಯಾಸ ಮಾಡಿಸಿಲ್ಲವೆಂದು. ನಮ್ಮ ತುಂಗಿ ಮರಿಯಾಗಿದ್ದಾಗಲೇ ಹೊರಗೆ ಹೋಗುವುದನ್ನು ಕಲಿತವಳು. ಶಿವಮೊಗ್ಗದ ಜಡಿಮಳೆಯಲ್ಲಿ ಕೂಡ ಬಾಗಿಲ ಬಳಿ ನಿಂತು ಕಾಲಿನಿಂದ ಕೆರೆದು ತಿಳಿಸುತ್ತಿದ್ದಳೇ ಹೊರತು ಒಳಗೆ ಒಂದು ಹನಿ ಬೀಳಿಸಿದವಳಲ್ಲ. ಲ್ಯಾಬ್ರಡಾರ್ ಬೆರಕೆಯ ಈ ಹೆಣ್ಣುನಾಯಿಗೆ ಒಂದೂಕಾಲು ವರ್ಷವಾಗಿದ್ದಾಗ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಅಂಗಳಕ್ಕೆ ಹೋದವಳು ಒಂದು ಕಡೆ ಕುಳಿತು ನಾಲ್ಕು ಹನಿ ಬಿಟ್ಟು, ಸ್ವಲ್ಪ ದೂರ ನಡೆದು ಮತ್ತೆ ಕುಳಿತು, ಏನೂ ಬಾರದಿದ್ದರೂ ಅಲ್ಲೇ ತಿಣುಕುತ್ತಿರುವುದು ಕಣ್ಣಿಗೆ ಬಿತ್ತು. ಒಳಗೆ ಬಂದ ಮೇಲೂ ಹಿಂಭಾಗವನ್ನು ನೆಕ್ಕಿಕೊಳ್ಳುವುದು ನಿಲ್ಲುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಮಲಗಿದ್ದ ಗೋಣಿತಾಟು ಒದ್ದೆಯಾಗಿತ್ತು, ಸಿಮೆಂಟು ನೆಲದ ಮೇಲೆ ಬಿದ್ದ ಕೊನೆಯ ಹನಿಗಳಲ್ಲಿ ತೆಳುವಾದ ಕೆಂಪು ಇತ್ತು.

ಪಶುವೈದ್ಯರಿಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ ಬಣ್ಣದ ಕುರಿತಾಗಿರಲಿಲ್ಲ. "ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದಾಳೋ, ಇಲ್ಲ ಪ್ರತಿ ಸಲವೂ ಧಾರಾಳವಾಗಿ ಹೋಗುತ್ತಿದ್ದಾಳೋ ನೋಡಿ ಹೇಳಿ" ಎಂದರು. ಎರಡಕ್ಕೂ ನಾವು ಮನೆಯಲ್ಲಿ "ಪದೇ ಪದೇ ಹೋಗುತ್ತಾಳೆ" ಎಂದೇ ಹೇಳುತ್ತೇವಾದರೂ ವೈದ್ಯರ ದೃಷ್ಟಿಯಲ್ಲಿ ಅವು ಬೇರೆ ಬೇರೆ ದಾರಿಗಳು. ಸ್ವಲ್ಪ ಸ್ವಲ್ಪವೇ, ತಿಣುಕಿ, ನೋವಿನಿಂದ ಹೋಗುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ಮೂತ್ರಕೋಶದಲ್ಲಿ ಅಥವಾ ಅದರ ಕೆಳಗಿನ ನಾಳದಲ್ಲಿ ಇರುತ್ತದೆ. ಪ್ರತಿ ಸಲವೂ ಧಾರಾಳವಾಗಿ ಹೋಗುತ್ತಾ, ನೀರನ್ನೂ ವಿಪರೀತ ಕುಡಿಯುತ್ತಿದ್ದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ, ಗರ್ಭಕೋಶದ ಕೀವು ಮುಂತಾದವನ್ನು ಯೋಚಿಸಬೇಕಾಗುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿಲಿ ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಅದು ಅತಿಯೆಂದು ಲೆಕ್ಕ. ಹೀಗೆ ಧಾರೆಯಾಗಿಯೂ ಅಲ್ಲ, ತಿಣುಕಿಯೂ ಅಲ್ಲ, ಹುಟ್ಟಿದಾಗಿನಿಂದ ಸದಾ ತೊಟ್ಟಿಕ್ಕುವ ಹೆಣ್ಣುಮರಿಗಳೂ ಇರುತ್ತವೆ. ಮೂತ್ರಪಿಂಡದಿಂದ ಬರುವ ನಾಳವು ಮೂತ್ರಕೋಶಕ್ಕೆ ಸೇರದೆ ಅದರ ಕೆಳಗೆಲ್ಲೋ ತೆರೆದುಕೊಂಡಿರುವ ಜನ್ಮಜಾತ ದೋಷ ಅಂಥವುಗಳಲ್ಲಿ ಇರಬಹುದಂತೆ. ತುಂಗಿಯದು ಸ್ಪಷ್ಟವಾಗಿ ಮೊದಲನೆಯ ಬಗೆ. ಗಂಡುನಾಯಿಯಾಗಿದ್ದು ಮೂತ್ರವೇ ಬರದೆ ತಿಣುಕುತ್ತಿದ್ದರೆ ಆ ಕ್ಷಣವೇ ಕರೆತನ್ನಿ ಎನ್ನುತ್ತಿದ್ದೆ ಎಂದೂ ಅವರು ಹೇಳಿದರು. ಗಂಡಿನ ಮೂತ್ರನಾಳ ಉದ್ದ ಮತ್ತು ಕಿರಿದು. ಶಿಶ್ನದೊಳಗಿನ ಎಲುಬಿನ ಹಿಂದೆ ಕಲ್ಲು ಸಿಕ್ಕಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು. ಹೆಣ್ಣಿನದು ಗಿಡ್ಡ ಮತ್ತು ಅಗಲ. ಕಲ್ಲು ಸಿಕ್ಕಿಕೊಳ್ಳುವುದು ಅಪರೂಪವಾದರೂ ಹೊರಗಿನ ಸೋಂಕು ಮೇಲೇರುವುದು ಸುಲಭ.

ಈ ನಡುವೆ ಸಲಹೆಗಳಿಗೆ ಬರವಿರಲಿಲ್ಲ. ಉಷ್ಣವಾಗಿದೆ, ಬಾರ್ಲಿ ನೀರು ಕೊಡಿ ಎಂದವರು ಕೆಲವರು. ಮನುಷ್ಯರಿಗೆ ಉರಿಮೂತ್ರಕ್ಕೆ ಕೊಡುವ ಸಿರಪ್ಪನ್ನು ಎರಡು ಚಮಚ ಕುಡಿಸಿ ಎಂದವರು ಪಕ್ಕದ ಮನೆಯ ಭಟ್ಟರು. ನೀರಿನಂಶ ಹೆಚ್ಚಾಗುವುದರಿಂದ ಬಾರ್ಲಿ ನೀರಿನಿಂದ ಹೆಚ್ಚೇನೂ ಕೆಡುಕಾಗದು. ಆದರೆ ಆ ಸಿರಪ್ಪಿನ ವಿಷಯ ಹಾಗಲ್ಲ. ಅದು ಮೂತ್ರವನ್ನು ಕ್ಷಾರೀಯಗೊಳಿಸುವ ಔಷಧ, ಮತ್ತು ಹೆಣ್ಣುನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಕಲ್ಲು ಬೆಳೆಯುವುದು ಕ್ಷಾರೀಯ ಮೂತ್ರದಲ್ಲೇ. ನೋವು ಕಡಿಮೆಯಾಗಲೆಂದು ಮನೆಯಲ್ಲಿದ್ದ ಐಬುಪ್ರೊಫೆನ್ ಕೊಡುವುದಂತೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸುವ ಕೆಲಸ. ಹಳೆಯ ಚೀಟಿಯಲ್ಲಿದ್ದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಅಂಗಡಿಯಿಂದ ತಂದು ಶುರುಮಾಡುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಪರೀಕ್ಷೆಗೆ ಮೊದಲೇ ಎರಡು ಮಾತ್ರೆ ನುಂಗಿಸಿದರೂ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯದೆ ಹೋಗಬಹುದು, ಯಾವ ಔಷಧ ನಾಟುತ್ತದೆಂಬುದು ತಿಳಿಯದೆಯೇ ಹೋಗಬಹುದು. ನಾವು ಏನನ್ನೂ ಕೊಡದೆ ಮೂತ್ರವನ್ನು ಹಿಡಿದುಕೊಂಡು ಹೊರಟೆವು.

ಹಿಡಿಯುವುದೇ ಒಂದು ಸಾಹಸ. ಬಟ್ಟಲು ಹಿಡಿದು ಹಿಂದೆ ಬಗ್ಗಿದರೆ ತುಂಗಿ ಎದ್ದುಬಿಡುತ್ತಿದ್ದಳು. ಕೊನೆಗೆ ಉದ್ದ ಹಿಡಿಯ ಸ್ಟೀಲ್ ಸೌಟನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಅವಳು ಕುಳಿತ ಮೇಲೆ ಬದಿಯಿಂದ ಮೆಲ್ಲಗೆ ಒಳಕ್ಕೆ ಚಾಚಿ, ಮೊದಲ ಹನಿಗಳನ್ನು ಬಿಟ್ಟು ಆಮೇಲಿನದನ್ನು ಹಿಡಿದೆ. ಔಷಧದಂಗಡಿಯಲ್ಲಿ ಸಿಗುವ ಮುಚ್ಚಳದ ಡಬ್ಬಿಗೆ ಅದನ್ನು ಸುರಿದು ಒಂದು ಗಂಟೆಯೊಳಗೆ ತಲುಪಿಸಿದೆವು. ತಡವಾದಷ್ಟೂ ಮೂತ್ರದ ಗುಣ ಬದಲಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಬೆಳೆಯದಿರಬಹುದು, ಆದರೆ ನಾಯಿಯ ಹೊಟ್ಟೆಯಲ್ಲಿಲ್ಲದ ಹರಳುಗಳು ಡಬ್ಬಿಯಲ್ಲಿ ಮೂಡಬಹುದು. ಮನುಷ್ಯರ ಲ್ಯಾಬಿನಲ್ಲಿ ಕೊಟ್ಟು ವರದಿ ತರುವುದು ನಮ್ಮ ಕಡೆಯ ರೂಢಿ. ಅಲ್ಲಿ ಬಳಸುವ, ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಅದ್ದುಪಟ್ಟಿಯಲ್ಲಿ ಬಿಳಿ ರಕ್ತಕಣವನ್ನೂ ಸಾಂದ್ರತೆಯನ್ನೂ ತೋರಿಸುವ ಚೌಕಗಳನ್ನು ನಾಯಿಯ ಮೂತ್ರಕ್ಕೆ ನಂಬುವಂತಿಲ್ಲವೆಂಬುದು ನನಗೆ ತಿಳಿದದ್ದು ಅಂದೇ. ಬಿಳಿಕಣವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು, ಸಾಂದ್ರತೆಯನ್ನು ರಿಫ್ರ್ಯಾಕ್ಟೋಮೀಟರಿನಲ್ಲೇ ಅಳೆಯಬೇಕು.

ವೈದ್ಯರು ಆ ಮೂತ್ರವನ್ನು ಸಣ್ಣ ಕೊಳವೆಗೆ ಹಾಕಿ ಯಂತ್ರದಲ್ಲಿ ತಿರುಗಿಸಿ ಹೊರತೆಗೆದು ನನ್ನ ಕೈಗೇ ಕೊಟ್ಟರು. ತಳದಲ್ಲಿ ಕೆಂಪು ಗಸಿ ಕುಳಿತಿತ್ತು, ಮೇಲಿನ ನೀರು ತಿಳಿ ಹಳದಿಯಾಗಿತ್ತು. "ಮೇಲಿನದೂ ಕೆಂಪಾಗಿಯೇ ಉಳಿದಿದ್ದರೆ ನಾನು ಉಣುಗು ಜ್ವರದ ಕಡೆ ಹೋಗುತ್ತಿದ್ದೆ" ಎಂದರು. ಉಣುಗುಗಳಿಂದ ಹರಡುವ ಬಬೇಸಿಯಾ ಎಂಬ ಪರಾವಲಂಬಿ ಕೆಂಪು ರಕ್ತಕಣಗಳನ್ನು ಒಡೆದುಹಾಕುವುದರಿಂದ, ಒಡೆದ ಕಣಗಳ ಬಣ್ಣವೇ ಕರಗಿ ಮೂತ್ರಕ್ಕೆ ಬರುತ್ತದೆ. ಎಷ್ಟು ತಿರುಗಿಸಿದರೂ ಅದು ತಳಕ್ಕಿಳಿಯುವುದಿಲ್ಲ. ಈರುಳ್ಳಿ ತಿಂದು ವಿಷವೇರಿದ ನಾಯಿಗಳಲ್ಲೂ ಹೀಗಾಗುತ್ತದೆ. ತಳಕ್ಕಿಳಿದರೆ ಅದು ಇಡಿಯ ರಕ್ತಕಣ, ಅಂದರೆ ಮೂತ್ರದ ದಾರಿಯಲ್ಲೇ ಎಲ್ಲೋ ಗಾಯವಾಗಿ ಬಂದದ್ದು. ಮಲೆನಾಡಿನಲ್ಲಿ ಉಣುಗು ಇಲ್ಲದ ನಾಯಿಯೇ ಇಲ್ಲವೆಂಬಂತಿರುವುದರಿಂದ ರಕ್ತವನ್ನೂ ಒಮ್ಮೆ ಗಾಜಿನ ಮೇಲೆ ಸವರಿ ನೋಡಿದರು, ಪರಾವಲಂಬಿ ಕಾಣಲಿಲ್ಲ. ಮೂತ್ರ ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಪಿಎಚ್ 8ರ ಮೇಲಿತ್ತು, ಅಂದರೆ ಕ್ಷಾರೀಯ. ನಾಯಿಗೆ ಸಾಮಾನ್ಯವಾಗಿ 6ರಿಂದ 7.5ರೊಳಗೆ ಇರಬೇಕು. ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆದ ಅಮೋನಿಯಾ ಘಾಟಿಗೂ ಇದಕ್ಕೂ ಸಂಬಂಧವಿತ್ತು. ಸೂಕ್ಷ್ಮದರ್ಶಕದಲ್ಲಿ ಬಿಳಿಕಣಗಳ ನಡುವೆ ಶವಪೆಟ್ಟಿಗೆಯ ಮುಚ್ಚಳದ ಆಕಾರದ, ಅಂಚು ಹೊಳೆಯುವ ಹರಳುಗಳು ಹರಡಿಕೊಂಡಿದ್ದವು. ಇವು ಸ್ಟ್ರುವೈಟ್, ಅಂದರೆ ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳು. ಹರಳು ಕಂಡಮಾತ್ರಕ್ಕೆ ಕಾಯಿಲೆಯೆನ್ನುವಂತಿಲ್ಲ, ಆರೋಗ್ಯವಾಗಿರುವ ನಾಯಿಗಳಲ್ಲೂ ಕೆಲವೊಮ್ಮೆ ಇರುತ್ತವೆ. ಇಲ್ಲಿ ಸೋಂಕೂ ನೋವೂ ಜೊತೆಗಿದ್ದದ್ದರಿಂದ ಕಲ್ಲಿಗಾಗಿ ಹುಡುಕಬೇಕಾಯಿತು.

ಎಕ್ಸ್‌ರೇಯಲ್ಲಿ ಮೂತ್ರಕೋಶದೊಳಗೆ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಎರಡು ಬಿಳಿ ಚುಕ್ಕೆಗಳೂ ಅವುಗಳ ಸುತ್ತ ಪುಡಿಯಂಥದ್ದೂ ಕಂಡಿತು. ಸ್ಕ್ಯಾನಿಂಗಿನಲ್ಲಿ ಮೂತ್ರಕೋಶದ ಗೋಡೆ ದಪ್ಪಗಾಗಿತ್ತು. ಅದೇ ವೇಳೆಗೆ, ತುಂಗಿಯನ್ನು ಬೆನ್ನ ಮೇಲೆ ಮಲಗಿಸಿ, ಪರದೆಯನ್ನು ನೋಡುತ್ತಲೇ ಹೊಟ್ಟೆಯ ಮೂಲಕ ಸಣ್ಣ ಸೂಜಿಯನ್ನು ನೇರವಾಗಿ ಮೂತ್ರಕೋಶಕ್ಕೆ ಚುಚ್ಚಿ ಕಲ್ಚರ್‌ಗಾಗಿ ಮೂತ್ರ ತೆಗೆದರು. ಕೇಳುವುದಕ್ಕೆ ಭಯವಾಗುವ ಈ ಕೆಲಸ ರಕ್ತ ತೆಗೆದಷ್ಟೇ ಹೊತ್ತಿನಲ್ಲಿ ಮುಗಿಯಿತು. ನಾನು ಅವಳ ತಲೆ ಹಿಡಿದುಕೊಂಡಿದ್ದೆ, ಅವಳು ಕೂಗಲೂ ಇಲ್ಲ. ಸೌಟಿನಲ್ಲಿ ಹಿಡಿದ ಮೂತ್ರಕ್ಕೆ ಚರ್ಮದ, ಕೂದಲಿನ ಬ್ಯಾಕ್ಟೀರಿಯಾ ಸೇರಿರುತ್ತದೆ, ಅದನ್ನು ಕಲ್ಚರ್‌ಗೆ ಕಳಿಸಿದರೆ ಯಾವುದು ಒಳಗಿನದು ಯಾವುದು ಹೊರಗಿನದು ಎಂದು ಬೇರ್ಪಡಿಸುವುದು ಕಷ್ಟ.

ಇಲ್ಲಿಯವರೆಗೆ ನಾನು ಕಲ್ಲೆಂದರೆ ಕೊಯ್ದು ತೆಗೆಯುವುದೆಂದೇ ತಿಳಿದಿದ್ದೆ. ಫೋನಿನಲ್ಲಿ ಸಲಹೆ ಕೇಳಿದ ಇನ್ನೊಂದು ಕಡೆ ಶಸ್ತ್ರಚಿಕಿತ್ಸೆಗೆ ದಿನವನ್ನೂ ಕೊಟ್ಟುಬಿಟ್ಟಿದ್ದರು. ನಮ್ಮ ವೈದ್ಯರು ಒಪ್ಪಲಿಲ್ಲ. ನಾಯಿಗಳಲ್ಲಿ ಕಾಣುವ ಕಲ್ಲುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೊಂದರೆ ಕೊಡುತ್ತಿದ್ದರೆ ಅದನ್ನು ತೆಗೆಯಲೇಬೇಕು; ಡಾಲ್ಮೇಷಿಯನ್ ತಳಿಯಲ್ಲಿ ಹೆಚ್ಚಾಗಿ ಕಾಣುವ ಯುರೇಟ್ ಕಲ್ಲು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ; ಸ್ಟ್ರುವೈಟ್ ಆದರೋ ಆಹಾರ ಮತ್ತು ಔಷಧದಿಂದ ಚೆನ್ನಾಗಿ ಕರಗುತ್ತದೆ. ವಯಸ್ಸು ಚಿಕ್ಕದು, ಹೆಣ್ಣು, ಮೂತ್ರ ಕ್ಷಾರೀಯ, ಸೋಂಕು ಇದೆ, ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತಿದೆ, ಹರಳೂ ಅದೇ. ಇಷ್ಟು ಕೂಡಿಬಂದರೆ ಕಲ್ಲು ಸ್ಟ್ರುವೈಟೇ ಎಂದು ಹಿಡಿದು ಮೊದಲು ಕರಗಿಸಲು ನೋಡಬೇಕೆಂಬುದು ಈಗಿನ ಪದ್ಧತಿ. 2016ರಲ್ಲಿ ಅಮೆರಿಕದ ಪಶುವೈದ್ಯ ತಜ್ಞರ ಮಂಡಳಿಯೊಂದು ಹೊರತಂದ ಸರ್ವಸಮ್ಮತ ಶಿಫಾರಸಿನಲ್ಲೂ ಇದನ್ನೇ ಹೇಳಿದೆ. ಮೂತ್ರನಾಳ ಕಟ್ಟಿಕೊಂಡಿದ್ದರೆ ಮಾತು ಬೇರೆ. ಕೊಯ್ದರೆ ಹದಿನೈದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ ಎಂಬುದನ್ನೂ, ಮನೆಯವರ ಶಿಸ್ತಿಲ್ಲದಿದ್ದರೆ ಇದು ಸೋಲುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. "ಹೊಟ್ಟೆ ಕೊಯ್ದರೂ ಸೋಂಕನ್ನು ಹಾಗೇ ಬಿಟ್ಟರೆ ಕಲ್ಲು ಮತ್ತೆ ಬರುತ್ತದೆ. ಇವಳ ಕಾಯಿಲೆ ಸೋಂಕು, ಕಲ್ಲು ಅದರ ಫಲ" ಎಂದರು. ನನಗೆ ಒಪ್ಪಿಗೆಯಾದದ್ದು ಈ ಮಾತಿನಿಂದ.

ಕೆಲವು ದಿನಗಳಲ್ಲಿ ಬಂದ ಕಲ್ಚರ್ ವರದಿ ಅದನ್ನೇ ಹೇಳಿತು. ಬೆಳೆದದ್ದು ನಾಯಿಗಳ ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ. ನಾಯಿಗಳ ಮೂತ್ರದ ಸೋಂಕಿಗೆ ಅತಿ ಸಾಮಾನ್ಯ ಕಾರಣ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಆದರೂ, ಕಲ್ಲು ಕಟ್ಟುವುದರಲ್ಲಿ ಈ ಸ್ಟೆಫಿಲೋಕಾಕಸ್‌ಗಳದೇ ಮೇಲುಗೈ. ಇವು ಯೂರಿಯೇಸ್ ಎಂಬ ಕಿಣ್ವವನ್ನು ಹೊರಬಿಡುತ್ತವೆ. ಅದು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಅದರಿಂದ ಮೂತ್ರ ಕ್ಷಾರೀಯವಾಗುತ್ತದೆ, ಕ್ಷಾರೀಯ ಮೂತ್ರದಲ್ಲಿ ಮೆಗ್ನೀಸಿಯಂ ಮತ್ತು ಫಾಸ್ಫೇಟ್ ಕರಗಿ ಉಳಿಯಲಾರದೆ ಆ ಅಮೋನಿಯದೊಂದಿಗೆ ಹರಳುಗಟ್ಟುತ್ತವೆ. ಬ್ಯಾಕ್ಟೀರಿಯಾಗಳು ಕಲ್ಲಿನ ಪದರ ಪದರದೊಳಗೂ ಹುದುಗಿರುತ್ತವೆ. ಕಲ್ಲು ಕರಗುತ್ತಾ ಹೋದಂತೆ ಅವು ಮತ್ತೆ ಮತ್ತೆ ಹೊರಬರುವುದರಿಂದ, ಸಾದಾ ಮೂತ್ರಕೋಶದ ಸೋಂಕಿಗೆ ಮೂರರಿಂದ ಐದು ದಿನ ಸಾಕಾಗುವ ಆ್ಯಂಟಿಬಯಾಟಿಕ್ಕನ್ನು ವೈದ್ಯರು ಇಲ್ಲಿ ಕಲ್ಲು ಕರಗುವವರೆಗೂ ಮುಂದುವರಿಸಿದರು. ಮಾತ್ರೆ ಶುರುವಾದ ವಾರದೊಳಗೆ ತುಂಗಿ ತಿಣುಕುವುದನ್ನು ಬಿಟ್ಟು ಮೊದಲಿನಂತೆ ಓಡಾಡತೊಡಗಿದಳು. ಹೆಚ್ಚಿನವರು ಮಾತ್ರೆ ನಿಲ್ಲಿಸುವುದು ಇಂಥ ಹೊತ್ತಿನಲ್ಲೇ ಎಂದು ತೋರುತ್ತದೆ. ಆದರೆ ಎಕ್ಸ್‌ರೇಯಲ್ಲಿ ಆಗಿನ್ನೂ ಎರಡೂ ಕಲ್ಲುಗಳು ಇದ್ದಲ್ಲೇ ಇದ್ದವು.

ಆಹಾರದ ಕಟ್ಟುಪಾಡು ಮಾತ್ರೆಗಿಂತ ಕಷ್ಟದ್ದು. ಕಲ್ಲು ಕರಗಿಸಲೆಂದೇ ತಯಾರಿಸಿದ ಆಹಾರದಲ್ಲಿ ಪ್ರೊಟೀನು, ಫಾಸ್ಫರಸ್ಸು, ಮೆಗ್ನೀಸಿಯಂ ಕಡಿಮೆಯಿರುತ್ತವೆ, ಮೂತ್ರವನ್ನು ಆಮ್ಲೀಯಗೊಳಿಸುವ ಗುಣವಿರುತ್ತದೆ, ಬಾಯಾರಿಕೆ ಹೆಚ್ಚಲೆಂದು ಉಪ್ಪು ಸ್ವಲ್ಪ ಹೆಚ್ಚಿರುತ್ತದೆ. ಬೆಳೆಯುವ ಮರಿಗೆ, ಬಸಿರಿಗೆ, ಮೂತ್ರಪಿಂಡ ಅಥವಾ ಹೃದಯ ಕೆಟ್ಟಿರುವ ನಾಯಿಗೆ ಇದು ಸಲ್ಲದು. ಒಂದು ವರ್ಷ ದಾಟಿದ್ದರಿಂದ ತುಂಗಿಗೆ ಕೊಡಬಹುದಾಗಿತ್ತು. ಬೆಲೆ ಸಾಧಾರಣ ನಾಯಿ ಆಹಾರದ ಹಲವು ಪಟ್ಟು. ಅದರ ಜೊತೆಗೆ ಬೇರೇನನ್ನೂ ಕೊಡುವಂತಿರಲಿಲ್ಲ: ರಾಗಿ ಅಂಬಲಿ ಇಲ್ಲ, ಹಾಲು ಇಲ್ಲ, ಬೇಯಿಸಿದ ಕೋಳಿ ಇಲ್ಲ, ಬಿಸ್ಕತ್ತು ಇಲ್ಲ. ಅಪ್ಪ ಎಷ್ಟೋ ವರ್ಷಗಳಿಂದ ಮನೆಯ ನಾಯಿಗೆ ಬೆಳಗಿನ ತಟ್ಟೆಯಂಚಿನಿಂದ ದೋಸೆ ಚೂರು ಕೊಟ್ಟುಕೊಂಡು ಬಂದವರು. "ಒಂದು ಚೂರಿನಿಂದ ಏನಾಗುತ್ತದೆ ಮಗಾ" ಎಂದು ಅವರು ವಾದಿಸುತ್ತಿದ್ದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ವೈದ್ಯರಲ್ಲಿತ್ತು. ತೀರ ಕಡಿಮೆ ಪ್ರೊಟೀನಿನ ಆಹಾರವನ್ನೇ ತಿನ್ನುತ್ತಿರುವ ನಾಯಿಯ ರಕ್ತದಲ್ಲಿ ಯೂರಿಯಾ ಮಟ್ಟ ಇಳಿಯುತ್ತದೆ. ಇಳಿಯದಿದ್ದರೆ ಮನೆಯಲ್ಲಿ ಯಾರೋ ಕದ್ದು ಕೋಳಿಯನ್ನೋ ಮೊಟ್ಟೆಯನ್ನೋ ಹಾಕುತ್ತಿದ್ದಾರೆಂದು ಅರ್ಥ. ಈ ವಿಷಯ ತಿಳಿದ ಮೇಲೆ ಅಪ್ಪ ತಿಂಡಿಯ ಹೊತ್ತಿಗೆ ತುಂಗಿಯನ್ನು ತಾವೇ ಹಿತ್ತಿಲಿಗೆ ಕಟ್ಟಿ ಬರುತ್ತಿದ್ದರು.

ಒಣ ಕಾಳಿಗೆ ಉಗುರುಬೆಚ್ಚಗಿನ ನೀರನ್ನು ತುಂಬ ಹಾಕಿ ನೆನೆಸಿ ಕೊಟ್ಟೆವು. ಮೂತ್ರದ ಸಾಂದ್ರತೆ 1.020ಕ್ಕಿಂತ ಕೆಳಗಿದ್ದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದರು. ಮೊದಲ ಸಲ ಅದು 1.040ರ ಮೇಲಿತ್ತು, ಬೇಸಿಗೆಯಲ್ಲಿ ಒಣ ಆಹಾರ ತಿಂದು ನೀರು ಕಡಿಮೆ ಕುಡಿಯುವ ನಾಯಿಯ ಗಟ್ಟಿ ಮೂತ್ರ. ನೀರು ಹೆಚ್ಚಾದ ಮೇಲೆ ಹೊರಗೆ ಕರೆದೊಯ್ಯುವುದೂ ಹೆಚ್ಚಾಗಬೇಕಾಯಿತು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಎಂಬ ನಮ್ಮ ಕಡೆಯ ಕ್ರಮ ನಾಯಿಯ ಅನುಕೂಲಕ್ಕೆ ಆದದ್ದಲ್ಲ, ನಮ್ಮ ಕಚೇರಿಯ ಹೊತ್ತಿಗೆ ಹೊಂದಿಸಿಕೊಂಡದ್ದು. ಮೂತ್ರಕೋಶದಲ್ಲಿ ಮೂತ್ರ ನಿಂತಷ್ಟೂ ಬ್ಯಾಕ್ಟೀರಿಯಾಗಳಿಗೆ ಅನುಕೂಲ.

ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆಸುತ್ತಾ ಬಂದೆವು. ಮೊದಲ ತಿಂಗಳ ಕೊನೆಗೆ ಪುಡಿ ಮಾಯವಾಗಿತ್ತು, ದೊಡ್ಡ ಕಲ್ಲುಗಳ ಅಂಚು ಮಸುಕಾಗಿತ್ತು. ಹೀಗೆ ಕಿರಿದಾಗುತ್ತಿರುವುದೇ ಕಲ್ಲು ಸ್ಟ್ರುವೈಟ್ ಎಂಬುದಕ್ಕೆ ನಿಜವಾದ ಸಾಕ್ಷಿ. ಸ್ವಲ್ಪವೂ ಕಿರಿದಾಗದಿದ್ದರೆ ಊಹೆ ತಪ್ಪೆಂದು ತಿಳಿದು ಶಸ್ತ್ರಚಿಕಿತ್ಸೆಗೆ ಹೋಗಬೇಕಿತ್ತು. ಮಳೆಗಾಲ ಹಿಡಿದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಕಾಣದ ಚೂರು ಉಳಿದಿರಬಹುದೆಂದು ಅದೇ ಆಹಾರವನ್ನು ಇನ್ನೂ ಒಂದು ತಿಂಗಳು ಮುಂದುವರಿಸಿ, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೊಮ್ಮೆ ಸೂಜಿಯಿಂದ ಮೂತ್ರ ತೆಗೆದು ಕಲ್ಚರ್ ಮಾಡಿಸಿದೆವು. ಏನೂ ಬೆಳೆಯಲಿಲ್ಲ.

ಸೋಂಕು ಬಂದದ್ದೇಕೆಂಬುದನ್ನು ಹುಡುಕದೆ ವೈದ್ಯರು ಕಡತ ಮುಚ್ಚಲಿಲ್ಲ. ತುಂಗಿಯ ಯೋನಿದ್ವಾರದ ಮೇಲೆ ಚರ್ಮದ ಮಡಿಕೆಯೊಂದು ಇಳಿಬಿದ್ದಿತ್ತು. ಮೈ ತೂಕ ಹೆಚ್ಚಾದಷ್ಟೂ ಅದು ಆಳವಾಗುತ್ತದೆ, ಒಳಗೆ ತೇವ ನಿಂತು ಚರ್ಮದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅಲ್ಲಿಂದ ಮೇಲಕ್ಕೆ ದಾರಿ ಹತ್ತಿರ. ತೀವ್ರವಾಗಿದ್ದರೆ ಚರ್ಮವನ್ನು ಕತ್ತರಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಇದೆ, ಇವಳಿಗೆ ಅದು ಬೇಕಾಗಲಿಲ್ಲ. ತೂಕವನ್ನು ಪಕ್ಕೆಲುಬು ಕೈಗೆ ಸಿಗುವಷ್ಟಕ್ಕೆ ಇಳಿಸುವುದು, ಹೊರಗಿನಿಂದ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸುವುದು, ಇಷ್ಟೇ ಚಿಕಿತ್ಸೆ. ಮಡಿಕೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿ ಒರೆಸುವುದನ್ನು ಅವರು ತೋರಿಸಿಕೊಟ್ಟರು. ಆ ದುಬಾರಿ ಆಹಾರವನ್ನು ಜೀವನವಿಡೀ ಕೊಡಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದರು. ಸೋಂಕಿನಿಂದಾದ ಸ್ಟ್ರುವೈಟಿಗೆ ತಡೆಯೆಂದರೆ ಸೋಂಕನ್ನು ತಡೆಯುವುದೇ ಹೊರತು ಆಹಾರವಲ್ಲ. ವರ್ಷಗಟ್ಟಲೆ ಅದನ್ನೇ ತರಿಸುತ್ತಿರುವ ಪರಿಚಯದವರಿದ್ದಾರೆ. ಅವರು ಒಮ್ಮೆ ತಮ್ಮ ನಾಯಿಯ ಕಲ್ಲು ಯಾವ ಬಗೆಯದೆಂದು ವೈದ್ಯರನ್ನು ಕೇಳಿ ತಿಳಿಯುವುದು ಒಳ್ಳೆಯದು, ಏಕೆಂದರೆ ಆಕ್ಸಲೇಟ್ ಅಥವಾ ಯುರೇಟ್ ಇದ್ದರೆ ಉತ್ತರ ಬೇರೆಯಾಗಬಹುದು.

ಮಳೆಗಾಲ ಎಂದೆನಷ್ಟೆ. ಮೂತ್ರಕ್ಕೆ ಸಂಬಂಧಿಸಿದ್ದೇ ಆದ, ಇದಕ್ಕಿಂತ ಅಪಾಯದ ಇನ್ನೊಂದು ಕಾಯಿಲೆ ನಮ್ಮ ಮಲೆನಾಡಿನ ಮಳೆಯ ಜೊತೆಗೇ ಬರುತ್ತದೆ. ಇಲಿ ಜ್ವರದ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಇಲಿ ಹೆಗ್ಗಣಗಳ ಮೂತ್ರದಿಂದ ನಿಂತ ನೀರಿಗೆ, ಕೆಸರಿಗೆ ಸೇರಿ, ಕಾಲಿನ ಗಾಯದ ಮೂಲಕವೋ ಕುಡಿದ ನೀರಿನ ಮೂಲಕವೋ ನಾಯಿಯ ಮೈ ಹೊಕ್ಕು ಮೂತ್ರಪಿಂಡವನ್ನೂ ಯಕೃತ್ತನ್ನೂ ಹಿಡಿಯುತ್ತದೆ. ಸೋಂಕಿತ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ತುಂಗಿಗೆ ಜ್ವರ, ವಾಂತಿ, ಕಾಮಾಲೆ ಇಲ್ಲದ್ದರಿಂದ ಅದರ ಸಂಶಯ ಬರಲಿಲ್ಲವಾದರೂ, ಅವಳ ಮೂತ್ರ ಒರೆಸುವಾಗ ಕೈಗವಸು ಹಾಕಿಕೊಳ್ಳಲು ಮೊದಲ ದಿನವೇ ಹೇಳಿದ್ದರು. ಇದಕ್ಕೆ ಲಸಿಕೆ ಇದೆ: ಮೊದಲು ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು. ಅದರ ಬಲ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುತ್ತದೆಂಬ ಭರವಸೆಯಿಲ್ಲದ ಕಾರಣ, ನಮ್ಮ ಕಡೆ ಅದನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಹಾಕಿಸುವುದು ಜಾಣತನ. ರೇಬೀಸ್ ಲಸಿಕೆಯನ್ನೂ ಅದೇ ಭೇಟಿಗೆ ಹೊಂದಿಸಿಕೊಂಡಿದ್ದೇವೆ. ಉಣುಗಿಗೆ ತಿಂಗಳ ಮಾತ್ರೆ, ಜಂತುಹುಳಕ್ಕೆ ಮೂರು ತಿಂಗಳಿಗೊಂದು ಮಾತ್ರೆ ಮೊದಲಿನಿಂದಲೂ ನಡೆದಿವೆ.

ಉಳಿದದ್ದು ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಶ್ನೆ, ಮತ್ತು ಇಲ್ಲಿ ಮೂತ್ರದ ವಿಷಯ ಎರಡೂ ಕಡೆ ಎಳೆಯುತ್ತದೆ. ಮಾಡಿಸದೆ ಬಿಟ್ಟರೆ ಬೆದೆಗೆ ಬಂದ ಮುಂದಿನ ಒಂದೆರಡು ತಿಂಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ, ವಯಸ್ಸಾದಂತೆ ಹೆಚ್ಚುತ್ತಾ ಹೋಗುವಂಥದ್ದು. ಮಾಡಿಸಿದರೆ ದೊಡ್ಡ ಮೈಯ ಕೆಲವು ಹೆಣ್ಣುನಾಯಿಗಳು ಮುಂದೆಂದಾದರೂ ನಿದ್ದೆಯಲ್ಲಿ ಮೂತ್ರ ಸೋರಿಸತೊಡಗುತ್ತವೆ, ಆದರೆ ಅದಕ್ಕೆ ಮಾತ್ರೆಯಿದೆ. ಚರ್ಮದ ಮಡಿಕೆಯಿರುವ ಹೆಣ್ಣುಮರಿಗೆ ಒಂದು ಬೆದೆಯಾದರೂ ಮುಗಿಯಲಿ, ಆ ಭಾಗ ಬೆಳೆದು ಮಡಿಕೆ ಸಡಿಲವಾಗಬಹುದು ಎಂಬ ವಾದಕ್ಕೂ ತೂಕವಿದೆ. ತುಂಗಿಗೆ ಅದು ಆಗಲೇ ಮುಗಿದಿತ್ತು. ಕೀವಿನ ಅಪಾಯ ಪ್ರಾಣದ್ದು, ಸೋರಿಕೆಯದು ಗೋಣಿತಾಟು ಒಗೆಯುವ ಕಷ್ಟದ್ದು ಎಂದು ಅಮ್ಮ ಲೆಕ್ಕ ಹಾಕಿದಳು, ನಾನು ಅದನ್ನು ಒಪ್ಪಿದೆ. ಎರಡನೆಯ ಬೆದೆ ಕಳೆದು ಮೂರು ತಿಂಗಳಾದ ಮೇಲೆ, ಮೂತ್ರದಲ್ಲಿ ಸೋಂಕಿಲ್ಲವೆಂದು ಇನ್ನೊಮ್ಮೆ ನೋಡಿಕೊಂಡು ಮಾಡಿಸುವುದೆಂದು ನಿಶ್ಚಯವಾಗಿದೆ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ.